ಸಿನಿಮಾದ ಹೊಟ್ಟೆ

ಜೇವರ್ಗಿಯ ಅಂಬುಬಾಯಿಗೆ ಮೊದಲು ಅನುಮಾನ ಬಂದದ್ದು ಹಿಂದಿನ ಓಣಿಯ ಮಾಸ್ತರರ ಮಗ ಭಗವಂತನ ಮೇಲೆ. ಅನುಮಾನ ಪಡುವುದರಲ್ಲಿ ಆಕೆಯನ್ನು ಮೀರಿಸುವವರು ಊರಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು. ಹಾಲಿನವಳ ಚರಿಗೆಯ ತಳ, ಬಟ್ಟೆ ಅಂಗಡಿಯವನ ಗಜಕಡ್ಡಿ, ಸೋಲಾಪುರದ ಮಿಲ್ಲಿನಲ್ಲಿ ದುಡಿಯುವ ಗಂಡ ದತ್ತಪ್ಪ ಬರೆಯುವ ಕಾಗದ, ಎಲ್ಲವನ್ನೂ ಆಕೆ ಎರಡೆರಡು ಸಲ ನೋಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಮಷೀನು ಇಟ್ಟುಕೊಂಡು ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿದವಳು. "ನಂದು ಮೊದಲಿನ ಅಳತಿನೇ ಅದ್ರಿ" ಎಂದು ಬಾಯಲ್ಲಿ ಹೇಳುವವರ ಮೈಗೆ ಟೇಪು ಹಿಡಿದರೆ ಎರಡು ಇಂಚು ಹೆಚ್ಚೇ ಬರುತ್ತಿತ್ತು. ಹಾಗಾಗಿ ಮಾತನ್ನು ನಂಬುವ ಚಟ ಆಕೆಗೆ ಎಂದೂ ಹತ್ತಲಿಲ್ಲ.

ಎಂಬತ್ತನಾಲ್ಕರ ಶ್ರಾವಣ ಅದು. ಪಂಚಮಿಗೆ ನಾಲ್ಕು ದಿನ ಇತ್ತು. ಭಗವಂತ ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ.

"ಮಾವಶಿ, ಒಂದು ಹೊಟ್ಟಿ ಹೊಲ್ದು ಕೊಡ್ತೀರೇನ್ರಿ?"

"ಏನಂದಿ?"

"ಹೊಟ್ಟಿರಿ. ಬಸರಿ ಹೊಟ್ಟಿ. ಏಳು ತಿಂಗಳದ್ದು."

ಅಂಬುಬಾಯಿ ಮಷೀನಿನ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. ಹುಡುಗ ಪುಣೆಗೆ ಸಿನಿಮಾ ಕಲಿಯಲು ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ಯಾವ ಹುಡುಗಿಯನ್ನು ಕೆಡಿಸಿ ಬಂದನೋ ಎಂದು ಆಕೆಯ ತಲೆ ಓಡತೊಡಗಿತು. ನಿಜವಾಗಿ ಬಸುರಾದವಳಿಗೆ ಹೊಟ್ಟೆ ಹೊಲಿಸುವ ಗರಜೇನು ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಅಷ್ಟೇ.

"ಹುಡುಗಿ ಯಾವ ಊರಾಕಿ?" ಎಂದು ಕೇಳಿದಳು.

"ಆಳಂದದಾಕಿ. ಆದ್ರ ನೀವು ತಿಳ್ಕೊಂಡಂಗಲ್ರಿ!" ಭಗವಂತನ ಕಿವಿ ಕೆಂಪಾದವು. "ನಾಟಕದಾಗ ಪಾರ್ಟು ಮಾಡ್ತಾಳ. ನಮ್ಮ ಸಿನಿಮಾದಾಗ ಬಸರಿ ಪಾರ್ಟು."

ಆಮೇಲೆ ಕೂತು ಬಿಡಿಸಿ ಹೇಳಿದ. ಪರೀಕ್ಷೆಗೆಂದು ಹತ್ತು ನಿಮಿಷದ ಸಿನಿಮಾ ಮಾಡಬೇಕು. ಮಾತಿಲ್ಲ, ಬಣ್ಣವಿಲ್ಲ. ಕಾಲೇಜಿನವರು ಕೊಟ್ಟ ರೀಲು ಎಷ್ಟೋ ಅಷ್ಟೇ, ಕೆಟ್ಟರೆ ಇನ್ನೊಂದಿಲ್ಲ. ಒಬ್ಬಾಕೆ ಬಸುರಾದ ಮೊದಲ ತಿಂಗಳಿನಿಂದ ಹೆರಿಗೆಯ ತನಕ ತೋರಿಸಬೇಕು. ಅಂಬುಬಾಯಿಯ ಅಂಗಳದಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಅಲ್ಲಿಯೇ ತೆಗೆಯಬೇಕು ಅಂತ ಆಸೆ. ಅಂಬುಬಾಯಿ ಎಲ್ಲ ಕೇಳಿ, ಅವನ ತಾಯಿಯನ್ನು ಕರೆಸಿ, ಇದೆಲ್ಲ ಹೌದೇ ಎಂದು ಇನ್ನೊಮ್ಮೆ ಕೇಳಿ, ಆಮೇಲೆ ಹೂಂ ಅಂದಳು.

ಪಂಚಮಿಗೆ ಮಗಳು ಮಾಳಮ್ಮ ನೆಲೋಗಿಯಿಂದ ತವರಿಗೆ ಬಂದಿದ್ದಳು. ಆಕೆಯ ಮದುವೆಯಾಗಿ ಆರು ವರ್ಷ. ಎರಡು ಸಲ ಬಸುರು ನಿಂತಿತ್ತು, ಎರಡು ಸಲವೂ ಮೂರನೇ ತಿಂಗಳಲ್ಲಿ ಹೋಯಿತು. ಎರಡು ಸಲವೂ ಅಂಬುಬಾಯಿ ಸುದ್ದಿ ಕೇಳಿದ ದಿನವೇ ಓಣಿಯ ತುಂಬ ಸಕ್ಕರೆ ಹಂಚಿದ್ದಳು. ಜಗತ್ತಿನಲ್ಲಿ ಆಕೆ ಹಿಂದೆ ಮುಂದೆ ನೋಡದೆ ನಂಬಿದ ಸುದ್ದಿ ಅವೆರಡೇ ಇರಬೇಕು. ಈಗ ಬೀಗತಿ ಗುರುಬಾಯಿ ಬಾಯಿ ಬಿಟ್ಟೇ ಹೇಳತೊಡಗಿದ್ದಳು: ಬರುವ ಯುಗಾದಿ ತನಕ ನೋಡುತ್ತಾಳೆ, ಆಗದಿದ್ದರೆ ನರೋಣಾದಲ್ಲಿರುವ ತಮ್ಮನ ಮಗಳನ್ನು ಮಗನಿಗೆ ತರುತ್ತಾಳೆ. ಅಳಿಯ ಮಲ್ಕಪ್ಪ ಇದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮಗಳು ಮೂಟೆ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತ ಹಾಗೆ ಅಂಬುಬಾಯಿಗೆ ಕಣ್ಣು ಮುಚ್ಚಿದರೆ ಸಾಕು ಕಾಣುತ್ತಿತ್ತು.

ಅಂಥ ಮಗಳ ಎದುರಿಗೆ ಬಸುರಿಯ ಸಿನಿಮಾ ಬೇಕಿತ್ತೇ? ಆದರೆ ಮಾತು ಕೊಟ್ಟಾಗಿತ್ತು.

ಭಗವಂತನ ಜೊತೆ ಕ್ಯಾಮೆರಾ ಹಿಡಿಯಲು ಅಫಜಲಪುರದ ಅಮೋಘಸಿದ್ದ ಬಂದ. ಮೀಸೆಯ ದಾಂಡಿಗ, ಪುಣೆಯಲ್ಲಿ ಅವನ ಜೊತೆಯೇ ಓದುವವನು. ಆಳಂದದ ಹುಡುಗಿಯೂ ಬಂದಳು, ಹಿಂದೆಯೇ ಅವಳಪ್ಪ. ಮೊದಲು ತಲೆದಿಂಬು ಕಟ್ಟಿದರು. ಅದು ದಿಂಬಿನ ಹಾಗೆಯೇ ಕಂಡಿತು, ನಾಲ್ಕು ಮೂಲೆಯೂ ಸೀರೆಯೊಳಗಿಂದ ಎದ್ದು ನಿಂತವು. ಬಿದಿರಿನ ಪುಟ್ಟಿ ಬೋರಲು ಹಾಕಿ ಕಟ್ಟಿದರು. ಹುಡುಗಿ ಕೂರಲು ಹೋದಾಗ ಅದು ಗಂಟಲಿಗೆ ಬಂತು. ಜೋಳದ ಚೀಲ ಕಟ್ಟಿದಾಗ ನಡಿಗೆಯೇನೋ ಬಸುರಿಯದ್ದೇ ಬಂತು, ಆದರೆ ಹತ್ತು ಹೆಜ್ಜೆಯಲ್ಲಿ ಜೋಳವೆಲ್ಲ ಎಡಕ್ಕೆ ಇಳಿದು ಮಗು ಸೊಂಟದಲ್ಲಿ ಕೂತಿತು. ಸೀರೆಯಾದರೂ ಹಸಿರು ಉಡಿಸೋಣವೆಂದರೆ, "ಬಣ್ಣ ಇಲ್ಲದ ಫಿಲ್ಮಿನಾಗ ಹಸಿರು ಕರ್ರಗ ಕಾಣ್ತದ, ಮಣ್ಣಿಗಿ ಹೊಂಟಂಗ ಕಾಣ್ತಾಳ" ಎಂದ ಅಮೋಘಸಿದ್ದ.

ಇದನ್ನೆಲ್ಲ ಮಷೀನಿನ ಹಿಂದಿನಿಂದ ನೋಡುತ್ತಿದ್ದ ಅಂಬುಬಾಯಿಗೆ ತಡೆಯಲಾಗಲಿಲ್ಲ. ಅನುಮಾನ ಬೇರೆ, ಕಸುಬು ಬೇರೆ. ಹಳೆಯ ಕೌದಿ ಒಂದನ್ನು ಕತ್ತರಿಸಿ, ಏಳು ಪದರ ಮಾಡಿ, ನಡುವೆ ಹತ್ತಿ, ಕೆಳಗೆ ಒಂದು ಹಿಡಿ ಹುಣಸೆಬೀಜ ಭಾರಕ್ಕೆ ಇಟ್ಟು, ಬೆನ್ನಿಗೆ ಲಾಡಿ ಕೂಡಿಸಿ ಒಂದೇ ಮಧ್ಯಾಹ್ನದಲ್ಲಿ ಹೊಟ್ಟೆ ಹೊಲಿದಳು. ಕಟ್ಟಿ ಸೀರೆ ಉಡಿಸಿದರೆ ಸೂಲಗಿತ್ತಿಯೂ ಮೋಸ ಹೋಗಬೇಕು, ಹಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ಕೆಟ್ಟಿತು. ಆಳಂದದ ಅಪ್ಪ ಅದನ್ನು ಮಗಳ ಮೈಮೇಲೆ ನೋಡಿದವನೇ ಎದ್ದು ನಿಂತ.

"ನಮ್ಮ ಹುಡುಗಿ ಲಗ್ನ ಇನ್ನಾ ಆಗಿಲ್ರಿ. ಈ ಹೊಟ್ಟಿ ನೋಡಿದ್ರ ಯಾರು ಮಾಡ್ಕೋತಾರ? ನಡಿ ಬೇ."

ಮೂರರ ಬಸ್ಸಿಗೆ ಅಪ್ಪ ಮಗಳು ಹೋದರು, ಹೊಟ್ಟೆ ಉಳಿಯಿತು. ಬೇರೆ ದಾರಿ ಕಾಣದೆ ಅಮೋಘಸಿದ್ದನೇ ಸೀರೆ ಉಟ್ಟು ಹೊಟ್ಟೆ ಕಟ್ಟಿಕೊಂಡ, ಭಗವಂತ ಬೆನ್ನಿನ ಕಡೆಯಿಂದ ಕ್ಯಾಮೆರಾದಲ್ಲಿ ಕಣ್ಣಿಟ್ಟ. ಗರಡಿಗೆ ಹೊರಟ ಪೈಲವಾನನ ಹಾಗೆ ಅಮೋಘಸಿದ್ದ ಅಂಗಳ ದಾಟಿದ. ಮಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಗಳು ನಕ್ಕು ಎಷ್ಟು ದಿನವಾಗಿತ್ತು ಎಂದು ಅಂಬುಬಾಯಿಗೆ ನೆನಪಾಗಲಿಲ್ಲ.

"ಮಾಳಕ್ಕ, ಬೆಳಕು ನೋಡಾಕ ಬರೇ ಒಂದು ಗಳಿಗಿ ನೀ ಕಟ್ಕೊಂಡು ನಿಲ್ತೀ?" ಎಂದ ಭಗವಂತ. ಪಾಪ, ಹುಡುಗನಿಗೆ ಏನು ಗೊತ್ತು.

"ಬ್ಯಾಡ!" ಅಂಬುಬಾಯಿ ಚೀರಿದಳು. "ಆಕಿ ಕಟ್ಕೊಳ್ಳಾಂಗಿಲ್ಲ. ಮುಟ್ಟಬ್ಯಾಡ ಅದನ್ನ, ಮಾಳಿ!"

ಮಾಳಮ್ಮ ಕೈ ಹಿಂದೆ ತೆಗೆದುಕೊಂಡಳು. ಆದರೆ ಸಂಜೆ ಹುಡುಗರು ಚಹಾಕ್ಕೆ ಹೋದಾಗ ಅಂಬುಬಾಯಿ ಒಳಗಿನ ಕೋಣೆಯ ಬಾಗಿಲ ಸಂದಿಯಿಂದ ಕಂಡಳು. ಮಗಳು ಕನ್ನಡಿಯ ಎದುರಿಗೆ ನಿಂತಿದ್ದಳು. ಹೊಟ್ಟೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದಿದ್ದಳು. ಒಂದು ಕೈ ಬೆನ್ನಿನ ಹಿಂದೆ ನಡುವಿನ ಮೇಲೆ ಇತ್ತು. ಅಳುತ್ತಿದ್ದರೆ ಅಂಬುಬಾಯಿ ಒಳಗೆ ಹೋಗಿ ತಬ್ಬಿಕೊಳ್ಳುತ್ತಿದ್ದಳು. ಆಕೆ ಅಳುತ್ತಿರಲಿಲ್ಲ, ಸಣ್ಣಗೆ ನಗುತ್ತಿದ್ದಳು. ಆ ನಗು ತಾಯಿಯ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು. ಸದ್ದಿಲ್ಲದೆ ಹಿಂದೆ ಸರಿದಳು.

ಮರುದಿನ ಬೆಳಗ್ಗೆ ಭಗವಂತ ಗಂಟು ಕಟ್ಟಲು ಕೂತಿದ್ದ. ಸಿನಿಮಾ ಆಗುವುದಿಲ್ಲ, ಪುಣೆಗೆ ಹೋಗೋಣ ಎಂದು ಅಮೋಘಸಿದ್ದನಿಗೆ ಹೇಳುತ್ತಿದ್ದ. ಆಗ ಮಾಳಮ್ಮ ಒಂದು ಹಳೆಯ ಕುಬಸ, ಬ್ಲೇಡು, ಸೂಜಿ ದಾರ ತಂದು ಅಂಗಳದ ಬಿಸಿಲಿನಲ್ಲಿ ಕೂತಳು.

"ಹೊಟ್ಟಿ ಯಾಕ ತೋರಸ್ತೀ ತಮ್ಮಾ? ಕುಬಸ ತೋರಸು."

"ಹ್ಯಾಂಗ ಅಕ್ಕಾ?"

ಆಕೆ ಕುಬಸವನ್ನು ಒಳಮೈ ಹೊರಗೆ ಬರುವಂತೆ ತಿರುವಿದಳು. ಎರಡೂ ಮಗ್ಗುಲಲ್ಲಿ ಹೊಲಿಗೆಯ ಆಚೆ ಎರಡೆರಡು ಬೆರಳು ಬಟ್ಟೆ ಮಡಚಿ ಉಳಿದಿತ್ತು. "ನಮ್ಮವ್ವ ಎಲ್ಲಾರ ಕುಬಸಕ್ಕೂ ಹಿಂಗ ಒಳಗ ಬಟ್ಟಿ ಬಿಡ್ತಾಳ. ಬಸರಾದ್ರ ಮೊದ್ಲು ಬಿಗಿ ಆಗೋದು ಹೊಟ್ಟಿ ಅಲ್ಲ, ಕುಬಸ. ಹೊಸಾದು ಯಾರು ಹೊಲಸ್ತಾರ? ಒಂದು ಹೊಲಗಿ ಬಿಚ್ಚೂದು, ಅರ್ಧ ಬೆರಳು ಈಚಿಗಿ ಕೈಲೆ ಹಾಕೂದು. ಮತ್ತೊಂದು ತಿಂಗಳಿಗಿ ಮತ್ತ ಬಿಚ್ಚೂದು. ಯಾರಿಗೂ ಬಾಯಿ ಬಿಟ್ಟು ಹೇಳೂಕಿಂತ ಮೊದ್ಲು ಕುಬಸಕ್ಕ ಹೇಳಿರ್ತೇವು."

ಭಗವಂತ ಗಂಟು ಬಿಚ್ಚಿ ಕ್ಯಾಮೆರಾ ಹೊರಗೆ ತೆಗೆದ. ಆಮೇಲೆ ಎದ್ದವನು ನಿಂತಲ್ಲಿ ನಿಲ್ಲಲಿಲ್ಲ. ಎರಡು ದಿನ ಮಾಳಮ್ಮನ ಕೈಗಳನ್ನಷ್ಟೇ ತೆಗೆದರು. ಬ್ಲೇಡು ದಾರ ಹರಿಯುತ್ತದೆ. ಮಷೀನಿನ ಹೊಲಿಗೆ ಬಿಟ್ಟ ಸಣ್ಣ ತೂತುಗಳ ಸಾಲು ಉಳಿಯುತ್ತದೆ. ಸೂಜಿ ಅರ್ಧ ಬೆರಳು ಆಚೆ ನಡೆಯುತ್ತದೆ. ಪಕ್ಕದಲ್ಲಿ ಒಮ್ಮೆ ಎಳೆ ಹುಣಸೆಕಾಯಿ, ಒಮ್ಮೆ ಬಳೆಗಳ ಮಲಾರ, ಕೊನೆಗೆ ಖಾಲಿ ತೊಟ್ಟಿಲಿನ ಹಗ್ಗ. ಮುಖವೇ ಇಲ್ಲ. ಮಾಳಮ್ಮ ಎಡಗೈಯವಳು, ಆಕೆಯ ಹೊಲಿಗೆ ಒಂದೊಂದೂ ಎಡಕ್ಕೆ ವಾಲಿ ಬೀಳುತ್ತಿತ್ತು. ಅದು ಇನ್ನೂ ಚೆಂದ ಎಂದು ಅಮೋಘಸಿದ್ದ ಹತ್ತಿರ ಹೋಗಿ ಹೋಗಿ ತೆಗೆದ.

ಅಂಬುಬಾಯಿ ದೂರದಿಂದ ನೋಡಿದಳು. ಮೊದಲ ಸಾಲು ಇವಳಿಗೆ ಗೊತ್ತಿರಬೇಕು, ಎರಡು ಸಲ ಬಿಚ್ಚಿದ್ದಳು. ಎರಡನೆಯದು, ಮೂರನೆಯದು ಯಾರಿಂದ ಕಲಿತಳು? ಹಬ್ಬಕ್ಕೆ ಮಾಡಿದ ಎಳ್ಳುಂಡಿಯನ್ನೂ ಮಗಳು ಮುಟ್ಟಲಿಲ್ಲ, ಪಕ್ಕದ ಮನೆಯ ಮಕ್ಕಳಿಗೆ ಹಂಚಿದಳು. ದುಃಖಕ್ಕೆ ಬಾಯಿ ರುಚಿ ಕೆಟ್ಟಿದೆ ಎಂದು ತಾಯಿ ತಿಳಿದಳು.

ಪಂಚಮಿ ಮುಗಿದು ಮಾಳಮ್ಮ ನೆಲೋಗಿಗೆ ಹೋದ ದಿನವೇ ಹುಡುಗರೂ ಪುಣೆಯ ಹಾದಿ ಹಿಡಿದರು. ಮನೆ ಗುಡಿಸುವಾಗ ಅಂಬುಬಾಯಿಗೆ ಹೊಟ್ಟೆ ನೆನಪಾಯಿತು. ಗೂಟದ ಮೇಲೆ ಇರಲಿಲ್ಲ. ಮಂಚದ ಕೆಳಗೆ ಇಲ್ಲ, ಜೋಳದ ಕಣಜದ ಹಿಂದೆ ಇಲ್ಲ. ಹಾಲಿನವಳನ್ನು ಕೇಳಿದಳು. ಆಕೆ, "ನನಗ್ಯಾಕ್ರಿ ಬೇಕು, ಆರು ಹಡದೇನಿ, ಸಾಕಾಗ್ಯಾದ" ಎಂದು ಬೈದು ಹೋದಳು. ಅಮೋಘಸಿದ್ದನ ಮೇಲೆ ಒಂದಿಷ್ಟು ಅನುಮಾನ ಹೋಯಿತು. ಕೊನೆಗೆ ಕನ್ನಡಿಯ ಎದುರಿನ ನಗು ಕಣ್ಣ ಮುಂದೆ ಬಂದಾಗ ಕಸಬರಿಗೆ ಹಿಡಿದುಕೊಂಡೇ ನೆಲದ ಮೇಲೆ ಕೂತಳು.

ಮೂರು ತಿಂಗಳು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಮಗಳು ಆಟಕ್ಕೆ ಒಯ್ದಿದ್ದಾಳೆ, ಆಸೆಗೆ ಒಯ್ದಿದ್ದಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದೀಪಾವಳಿಯ ಮುಂದೆ ನೆಲೋಗಿ ಬಸ್ಸಿನ ಕಂಡಕ್ಟರ್ ಚಾಂದಪಾಶಾ ಓಣಿಯ ತುದಿಯಿಂದಲೇ ಕೂಗುತ್ತ ಬಂದ.

"ಸಕ್ಕರಿ ತರ್ರಿ ಅಂಬಕ್ಕಾ! ನಿಮ್ಮ ಮಾಳವ್ವಗ ಐದು ತಿಂಗಳಂತ!"

ಅಂಬುಬಾಯಿ ಬೆರಳು ಮಡಿಚಿದಳು. ಐದು ತಿಂಗಳು ಅಂದರೆ ಪಂಚಮಿಯಲ್ಲಿ ಎರಡು ತಿಂಗಳು. ಇದೇ ಮನೆಯಲ್ಲಿ ಎಂಟು ದಿನ ಇದ್ದು, ಇದೇ ತಾಯಿಯ ಮಗ್ಗುಲಲ್ಲಿ ಮಲಗಿ, ಎರಡು ತಿಂಗಳ ಬಸುರಿ ಒಂದು ಮಾತು ಹೇಳದೆ ಹೋಗುತ್ತಾಳೆಯೇ? ಹಿಂದಿನ ಎರಡು ಸಲವೂ ದಿನ ತಪ್ಪಿದ ವಾರದಲ್ಲೇ ಹೇಳಿದ್ದವಳು! ಆಕೆ ಒಳಗೆ ಹೋಗಿ ಸಕ್ಕರೆ ಡಬ್ಬಿ ತೆಗೆದಳು, ಚಾಂದಪಾಶಾನ ಕೈಗೆ ಒಂದು ಚಮಚ ಹಾಕಿದಳು. ಓಣಿಗೆ ಹಂಚಲಿಲ್ಲ.

ಖಜೂರಿ ಕಡೆಯ ಒಬ್ಬಾಕೆಯ ಕಥೆ ಆಕೆಗೆ ಗೊತ್ತಿತ್ತು. ಸವತಿ ಬರುತ್ತಾಳೆಂಬ ಹೆದರಿಕೆಗೆ ಎಂಟು ತಿಂಗಳು ಹೊಟ್ಟೆಗೆ ಅರಿವೆ ಕಟ್ಟಿಕೊಂಡು ಓಡಾಡಿದಳಂತೆ. ಒಂದು ದಿನ ಬಾವಿಯ ಹತ್ತಿರ ಲಾಡಿ ಬಿಚ್ಚಿತಂತೆ. ಆಮೇಲೆ ಅವಳು ತವರಿಗೂ ಬರಲಿಲ್ಲ, ಅತ್ತೆಯ ಮನೆಯಲ್ಲೂ ಉಳಿಯಲಿಲ್ಲ. ಲಾರಿ ಹತ್ತಿ ಮಹಾರಾಷ್ಟ್ರಕ್ಕೆ ಹೋದಳು ಅಂದವರೂ ಇದ್ದರು, ಬಾವಿಗೇ ಬಿದ್ದಳು ಅಂದವರೂ ಇದ್ದರು. ತಾನು ಹೊಲಿದ ಲಾಡಿ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಅಂಬುಬಾಯಿ ಎಷ್ಟೋ ಸಲ ಯೋಚಿಸಿದಳು. ಇಂಥ ಯೋಚನೆ ಯಾವ ತಾಯಿಗೂ ಬರಬಾರದು.

ನೆಲೋಗಿಗೆ ಹೋಗಿ ಕಣ್ಣಾರೆ ನೋಡಬಹುದಿತ್ತು. ಬಸ್ಸು ದಿನಾ ಹೋಗುತ್ತಿತ್ತು. ಆದರೆ ಆಕೆಯ ಮುಖ ಏನನ್ನೂ ಮುಚ್ಚಿಡುವ ಮುಖವಲ್ಲ. ತಾಯಿಯ ಮುಖ ನೋಡಿ ಗುರುಬಾಯಿಗೆ ಗೊತ್ತಾದರೆ? ಅತ್ತ ಗುರುಬಾಯಿಯೂ, ಈಗ ಯಾರೂ ಬರುವುದು ಬೇಡ, ದೃಷ್ಟಿ ತಾಗುತ್ತದೆ, ಏಳು ತಿಂಗಳಿಗೆ ಕುಬಸದ ಕಾರ್ಯಕ್ಕೇ ಬನ್ನಿ ಎಂದು ಹೇಳಿ ಕಳಿಸಿದ್ದಳು. ಅದಕ್ಕೂ ಅಂಬುಬಾಯಿ ಅನುಮಾನಪಟ್ಟಳು. ಬೀಗತಿಗೆ ವಾಸನೆ ಹತ್ತಿದೆ, ತುಂಬಿದ ಮಂದಿಯ ನಡುವೆ ಬಯಲು ಮಾಡಬೇಕೆಂದು ಕಾಯುತ್ತಿದ್ದಾಳೆ ಅಂದುಕೊಂಡಳು.

ಕುಬಸದ ಕಾರ್ಯವೆಂದರೆ ತವರಿನವರು ಹಸಿರು ಸೀರೆ, ಹಸಿರು ಕುಬಸ ಒಯ್ದು ಬಸುರಿ ಮಗಳಿಗೆ ತೊಡಿಸಿ, ಉಡಿ ತುಂಬುವುದು. ಬೇರೆಯವರಾದರೆ ಕುಬಸ ಹೊಲಿಸುತ್ತಾರೆ. ಅಂಬುಬಾಯಿ ತಾನೇ ಹೊಲಿಯಬೇಕು. ಬಸುರಿಯ ಮೈಗೆ ಟೇಪು ಸುತ್ತಬಾರದೆಂದು ಗುರುಬಾಯಿಯ ಮನೆಯ ಪದ್ಧತಿ, ಹಾಗಾಗಿ ಅಳತೆಗೆ ಒಂದು ಕುಬಸ ಕಳಿಸು ಎಂದು ಮಗಳಿಗೆ ಹೇಳಿ ಕಳಿಸಿದಳು. ಎಳ್ಳಮಾವಾಸ್ಯೆಗೆ ಹತ್ತು ದಿನ ಇರುವಾಗ ಚಾಂದಪಾಶಾ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪುಡಿಕೆ ತಂದುಕೊಟ್ಟ.

"ನೋಡಿ ಹೊಲಿ ಅಂತ ಹೇಳು ಅಂದಾಳ್ರಿ. ಎರಡು ಸಲ ಹೇಳ್ಯಾಳ, ನೋಡಿ ಹೊಲಿ ಅಂತ."

ಅಂಬುಬಾಯಿ ಪೇಪರಿನ ಒಂದು ಮೂಲೆ ಸರಿಸಿದಳು. ಕೆಂಪು ಚುಕ್ಕಿಯ ಬಟ್ಟೆ ಕಂಡಿತು. ಹಿಂದಿನ ವರ್ಷದ ಪಂಚಮಿಗೆ ತಾನೇ ಹೊಲಿದು ಕೊಟ್ಟದ್ದು. ಏಳು ತಿಂಗಳ ಬಸುರಿಗೆ ಹೋದ ವರ್ಷದ ಕುಬಸ ಹಿಡಿಸುತ್ತದೆಯೇ? ಹೊಟ್ಟೆಗೆ ಕೌದಿ ಕಟ್ಟಬಹುದು, ಎದೆಗೆ ಏನು ಕಟ್ಟುತ್ತಾರೆ? ಇನ್ನು ಅನುಮಾನವೇ ಉಳಿಯಲಿಲ್ಲ. ಮಗಳು ಬಾಯಿ ಬಿಡಲಾರದೆ ತಾಯಿಗೆ ಹೀಗೆ ಹೇಳುತ್ತಿದ್ದಾಳೆ: ನನ್ನ ಅಳತೆ ಹಳೆಯದೇ ಇದೆ, ನೋಡಿ ಹೊಲಿ, ನನ್ನನ್ನು ಉಳಿಸು.

ಪುಡಿಕೆ ಬಿಚ್ಚಲಿಲ್ಲ. ಆ ಅಳತೆ ಆಕೆಯ ವಹಿಯಲ್ಲಿತ್ತು, ತಲೆಯಲ್ಲೂ ಇತ್ತು. ಪುಡಿಕೆಯನ್ನು ಮಷೀನಿನ ಮೇಲಿನ ಗೂಟಕ್ಕೆ ಹಾಕಿ ಹಸಿರು ಖಣ ಕತ್ತರಿಸಿದಳು. ದೊಡ್ಡದು ಹೊಲಿದರೆ ಹತ್ತು ಹೆಂಗಸರ ಎದುರಿಗೆ ಅದು ಮೈಮೇಲೆ ಜೋತುಬೀಳುತ್ತದೆ, ಎದೆ ಬೆಳೆದಿಲ್ಲದ್ದು ಎಲ್ಲರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಸರಿಯಾಗಿ ಹಳೆಯ ಅಳತೆಗೇ, ನೂಲಿನಷ್ಟೂ ಹೆಚ್ಚಿಲ್ಲದೆ ಹೊಲಿದಳು. ಹೊಲಿಯುವಾಗ ಎರಡು ಸಲ ಅತ್ತಳು. ಸುಳ್ಳು ಹೊಟ್ಟೆ ಹೊಲಿದವಳು ತಾನೇ, ಸುಳ್ಳಿಗೆ ಸರಿಹೊಂದುವ ಕುಬಸ ಹೊಲಿಯುವವಳೂ ತಾನೇ. ಒಂಬತ್ತು ತುಂಬಿದ ಮೇಲೆ ಏನು ಮಾಡುವುದೆಂದು ಆಕೆಗೆ ತಿಳಿದಿರಲಿಲ್ಲ. ಈ ಒಂದು ದಿನ ಪಾರಾದರೆ ಸಾಕು ಅನ್ನಿಸಿತ್ತು.

ದತ್ತಪ್ಪ ಸೋಲಾಪುರದಿಂದ ಹಸಿರು ಸೀರೆ ತಂದ. ಮನುಷ್ಯನ ಖುಷಿ ನೋಡಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಗುರುತಿದ್ದವರಿಗೆ, ಗುರುತಿಲ್ಲದವರಿಗೆ, ಮಗಳ ಕುಬಸಕ್ಕೆ ಹೊರಟಿದ್ದೇವೆ ಎಂದು ಹೇಳಿದ. ಅಂಬುಬಾಯಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಡಕಿಯ ಹೊರಗೆ ನೋಡುತ್ತ ಕೂತಳು.

ನೆಲೋಗಿಯ ಮನೆ ಮಂದಿಯಿಂದ ತುಂಬಿತ್ತು. ಮಾಳಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಬತ್ತಿತ್ತು, ಕಣ್ಣು ದೊಡ್ಡವಾಗಿದ್ದವು. ಹೊಟ್ಟೆ ಇತ್ತು. ಎದ್ದು ಬಂದು ಅಪ್ಪನ ಕಾಲು ಮುಟ್ಟುವಾಗ ಸೀರೆಯ ಮುಂದಿನ ಅಂಚು ಹಿಂದಿನದಕ್ಕಿಂತ ಎರಡು ಬೆರಳು ಮೇಲೆ ನಿಂತಿತ್ತು. ಆದರೆ ತನ್ನ ಕೌದಿ ಹೊಟ್ಟೆಗೂ ಸೀರೆ ಹೀಗೇ ಏಳುತ್ತಿತ್ತು. ತಾನು ಹೊಲಿದದ್ದು ಅಷ್ಟು ಚೆನ್ನಾಗಿತ್ತಲ್ಲ ಎಂದು ಅಂಬುಬಾಯಿ ತನ್ನ ಕೈಗಳನ್ನೇ ಬೈದುಕೊಂಡಳು. ಮಗಳು ಹತ್ತಿರ ಬಂದು ತಬ್ಬಿಕೊಳ್ಳಲು ನೋಡಿದಾಗ, ಲಾಡಿ ಸಡಿಲಾದೀತೆಂದು ಹೆದರಿ ಅರ್ಧ ಹೆಜ್ಜೆ ಹಿಂದೆ ಸರಿದಳು. ಮಾಳಮ್ಮ ಅದನ್ನು ಕಂಡಳು.

ಸೀರೆ ಕುಬಸ ತೊಡಿಸಲು ಒಳಗಿನ ಕೋಣೆಗೆ ಹೋದರು. ಗುರುಬಾಯಿಯೂ ಹಿಂದೆ ಬಂದಳು.

"ಬೀಗತ್ಯಾರ, ನೀವು ಹೊರಗ ಮಂದಿ ಕಡಿ ನೋಡ್ರಿ. ನಾ ಉಡಸ್ಕೊಂಡು ಕರ್ಕೊಂಡು ಬರ್ತೇನಿ," ಅಂದಳು ಅಂಬುಬಾಯಿ.

"ಮಂದಿ ಎಲ್ಲಿಗಿ ಹೋಗ್ತಾರ್ರಿ?" ಗುರುಬಾಯಿ ಕಣ್ಣು ಸಣ್ಣದು ಮಾಡಿದಳು. "ನಾ ಇದ್ರ ನಿಮಗೇನು ತ್ರಾಸು?"

"ತ್ರಾಸೇನಿಲ್ಲ, ಜಾಗ ಸಣ್ಣದದ ಅಂತ..."

"ಇದು ನಮ್ಮನಿ ಕೋಣಿ. ಇದರ ಅಳತಿ ನನಗ ಗೊತ್ತದ." ಗುರುಬಾಯಿ ಬಾಗಿಲು ಮುಂದೆ ಮಾಡಿ, ಬೆನ್ನು ಕೊಟ್ಟು ನಿಂತಳು.

ಅಂಬುಬಾಯಿ ಇಬ್ಬರ ನಡುವೆ ನಿಂತು ಮಗಳನ್ನು ಮರೆಮಾಡಲು ನೋಡಿದಳು. ಆದರೆ ಮಾಳಮ್ಮ ಯಾವ ಅವಸರವೂ ಇಲ್ಲದೆ ಸೆರಗು ತೆಗೆದಳು, ಉಟ್ಟ ಸೀರೆಯನ್ನು ಸಡಿಲಿಸಿದಳು, ತೊಟ್ಟ ಕುಬಸ ಬಿಚ್ಚಿ ಮಂಚದ ಮೇಲೆ ಇಟ್ಟಳು.

ಲಾಡಿ ಇರಲಿಲ್ಲ, ಕೌದಿಯೂ ಇರಲಿಲ್ಲ. ಬಿಗಿದ ಚರ್ಮದ ಮೇಲೆ ಹೊಕ್ಕಳಿನಿಂದ ಕೆಳಗೆ ಒಂದು ಕಪ್ಪು ಗೆರೆ ಇಳಿದಿತ್ತು. ಎಡಗಡೆ ಪಕ್ಕೆಯ ಕೆಳಗೆ ಏನೋ ಒಂದು ಸಣ್ಣಗೆ ಉಬ್ಬಿ, ಸರಿದು, ಮಾಯವಾಯಿತು. ಅಂಬುಬಾಯಿ ಗೋಡೆಗೆ ಕೈ ಊರಿದಳು. ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು, ನೆಲವೇ ಕುಸಿಯುವಷ್ಟು ಆಯಿತು. ಆದರೆ ಕೈಯಲ್ಲಿ ಹಸಿರು ಕುಬಸ ಇತ್ತು.

ತೋಳು ಹೇಗೋ ಏರಿತು. ಮುಂದೆ ಹುಕ್ಕು ಕೂಡಲಿಲ್ಲ. ಎಳೆದರೂ ಮೂರು ಬೆರಳು ಕಡಿಮೆ.

"ಅಯ್ಯ, ಇದೇನ್ರಿ!" ಗುರುಬಾಯಿ ಮುಂದೆ ಬಂದಳು. "ಊರ ಮಂದಿದೆಲ್ಲ ಹೊಲೀತೀರಿ, ಹೊಟ್ಟಿಲೆ ಹುಟ್ಟಿದ ಮಗಳದ್ದು ಗೊತ್ತಾಗ್ಲಿಲ್ಲೇನು? ಬಸರಿಗಿ ಹೊಲ್ದೇರೋ, ಲಗ್ನದ ಹುಡುಗಿಗಿ ಹೊಲ್ದೇರೋ? ನೀವೇನ್ ತಿಳ್ಕೊಂಡೀರಿ..."

ಆಕೆಯ ಮಾತು ಅಲ್ಲಿಗೆ ನಿಂತಿತು. ಅತ್ತೆಯ ಕಣ್ಣು ಸೊಸೆಯ ಹೊಟ್ಟೆಯಿಂದ ಬೀಗತಿಯ ಮುಖಕ್ಕೆ ಬಂತು. ಅಂಬುಬಾಯಿಯ ಮುಖ ಏನನ್ನೂ ಮುಚ್ಚಿಡುವ ಮುಖವಲ್ಲ ಎಂದು ಆಗಲೇ ಹೇಳಿದ್ದೇನೆ. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಗುರುಬಾಯಿ ಎಲ್ಲವನ್ನೂ ಓದಿಬಿಡುತ್ತಿದ್ದಳು.

"ತಪ್ಪು ನಂದು ಅತ್ತಿ," ಅಂದಳು ಮಾಳಮ್ಮ. "ಹ್ವಾದ ವರ್ಷದ್ದು ಕಳಿಸಿದ್ದೆ. ಅವ್ವ ಅದನ್ನ ನೋಡಿ ಹೊಲ್ದಾಳ. ಆಕಿಗೇನು ಗೊತ್ತು."

"ನಿನಗೂ ಬುದ್ಧಿ ಅಷ್ಟರ ಮ್ಯಾಲ," ಎಂದು ಗೊಣಗಿ ಗುರುಬಾಯಿ ಬ್ಲೇಡು ತರಲು ಹೊರಗೆ ಹೋದಳು. ಬಾಗಿಲ ಹೊರಗೆ ಆಕೆ ಮಂದಿಗೆ ಹೇಳುವುದು ಕೇಳಿಸಿತು: "ನನ್ನ ಸೊಸಿಗಿ ತವರಿನ ಕುಬಸ ಸಾಲಲಿಲ್ಲ ನೋಡ್ರಿ, ಅಷ್ಟು ತುಂಬ್ಯಾಳ!" ಆ ದನಿಯಲ್ಲಿ ಹೆಮ್ಮೆಯಲ್ಲದೆ ಬೇರೇನೂ ಇರಲಿಲ್ಲ. ನರೋಣಾದ ತಮ್ಮನ ಮಗಳ ಮಾತು ಆ ಮನೆಯಲ್ಲಿ ಮುಗಿದಿತ್ತು.

ಅಂಬುಬಾಯಿ ಮಂಚದ ಮೇಲೆ ಕೂತು ಕುಬಸ ತಿರುವಿದಳು. ಎಷ್ಟೇ ಅನುಮಾನದಲ್ಲಿ ಹೊಲಿದಿದ್ದರೂ ಇಪ್ಪತ್ತು ವರ್ಷದ ರೂಢಿಯ ಕೈ ಎರಡೂ ಮಗ್ಗುಲಲ್ಲಿ ಎರಡೆರಡು ಬೆರಳು ಬಟ್ಟೆ ಬಿಟ್ಟಿತ್ತು. ಅದು ಸಾಕಾಗುತ್ತಿತ್ತು. ಗುರುಬಾಯಿ ಕೊಟ್ಟುಹೋದ ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು, ಬುಟ್ಟಿಯಲ್ಲಿದ್ದ ಸೂಜಿ ತೆಗೆದಳು. ಎರಡು ಸಲ ದಾರ ತೂತು ತಪ್ಪಿತು. ಮಾಳಮ್ಮ ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟಳು.

"ಪಂಚಮಿಗೇ ಯಾಕ ಹೇಳಲಿಲ್ಲ ಮಾಳೀ?"

"ಎರಡು ಸಲ ಹೇಳಿದ್ದೆ. ಎರಡು ಸಲ ನೀ ಸಕ್ಕರಿ ಹಂಚಿದಿ. ಆಮ್ಯಾಲ ಸಕ್ಕರಿ ತಿಂದವರೆಲ್ಲ ಬಂದು ನನ್ನ ಮುಂದ ಅತ್ತು ಹೋದ್ರು." ಮಾಳಮ್ಮ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. "ಈ ಸಲ ಬಾಯಿಲೆ ಹೇಳಬಾರದು ಅಂತ ಇತ್ತು. ಹೊಟ್ಟಿ ನಿಲ್ಲೂತನ ನಿಮ್ಮ ಅಳಿಯಾಗ ಬಿಟ್ರ ಯಾರಿಗೂ ಹೇಳಿಲ್ಲ. ನಿನಗ ಹೇಳೂದು ಬ್ಯಾರೆ ನಮೂನಿ ಇತ್ತಲ್ಲ, ಅದಕ್ಕ ಕುಬಸ ಕಳಿಸಿದೆ." ಆಮೇಲೆ ಕೇಳಿದಳು: "ನೋಡಿದೇನವ್ವಾ ಅದನ್ನ? ಒಳಗ ತಿರುವಿ?"

ಸೂಜಿ ನಿಂತಿತು.

"ನೋಡಿದೆ," ಅಂದಳು ಅಂಬುಬಾಯಿ.

ಮಾಳಮ್ಮ ತಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ, "ಹೂಂ," ಅಂದಳು.

ಕುಬಸ ಕೂತಿತು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಮಗಳನ್ನು ಮಣೆಯ ಮೇಲೆ ಕೂರಿಸಿ ಐದು ಮಂದಿ ಮುತ್ತೈದೆಯರು ಉಡಿ ತುಂಬಿದರು, ಹಾಡು ಹೇಳಿದರು. ದತ್ತಪ್ಪ ಕಣ್ಣೊರೆಸಿಕೊಂಡ. ಅಂಬುಬಾಯಿಯೂ ಅತ್ತಳು, ತಾಯಿ ಅಳುವುದು ಸಹಜವೇ ಎಂದು ಎಲ್ಲರೂ ಅಂದುಕೊಂಡರು.

ಮರುದಿನ ಜೇವರ್ಗಿಗೆ ಬಂದಾಗ ಕಟ್ಟೆಯ ಮೇಲೆ ಒಂದು ಗಂಟು ಕಾಯುತ್ತಿತ್ತು. ರಜೆಗೆ ಬಂದ ಭಗವಂತ ಇಟ್ಟು ಹೋಗಿದ್ದ. ಒಳಗೆ ಕೌದಿಯ ಹೊಟ್ಟೆ, ಜೊತೆಗೆ ಒಂದು ಚೀಟಿ. ಬಸ್ಸಿನಲ್ಲಿ ಕ್ಯಾಮೆರಾದ ಗಾಜು ಒಡೆಯಬಾರದೆಂದು ಇದರಲ್ಲಿ ಸುತ್ತಿ ಒಯ್ದಿದ್ದೆ, ಹೇಳಲು ಮರೆತೆ, ಸಿಟ್ಟಾಗಬೇಡಿರಿ. ಸಿನಿಮಾ ಎಲ್ಲರಿಗೂ ಹಿಡಿಸಿತು. ಬಿಚ್ಚಿ ಹೊಲಿಯುವುದು ನೋಡಿ ನಮ್ಮ ಕ್ಲಾಸಿನವರೆಲ್ಲ ಬಸುರಿ ಎಂದು ತಾವೇ ಹೇಳಿದರು, ಒಬ್ಬರಿಗೂ ಬಾಯಿಬಿಟ್ಟು ತಿಳಿಸಬೇಕಾಗಲಿಲ್ಲ.

ಅಂಬುಬಾಯಿ ಚೀಟಿಯನ್ನು ಮಡಿಚಿ ಇಟ್ಟಳು. ಗೂಟದಿಂದ ಪುಡಿಕೆ ಇಳಿಸಿದಳು. ದಾರ ಬಿಚ್ಚಿ, ಪೇಪರು ತೆಗೆದು, ಕೆಂಪು ಚುಕ್ಕಿಯ ಕುಬಸವನ್ನು ತೊಡೆಯ ಮೇಲೆ ಹರವಿ ಒಳಮೈ ತಿರುವಿದಳು.

ತನ್ನ ಮಷೀನಿನ ಹೊಲಿಗೆ ಬಿಚ್ಚಿಹೋಗಿತ್ತು, ತೂತುಗಳ ಸಾಲು ಮಾತ್ರ ಇತ್ತು. ಅರ್ಧ ಬೆರಳಿನಷ್ಟು ಆಚೆ ಮೊದಲ ಕೈಹೊಲಿಗೆಯ ಗುರುತು, ಬೆವರಿಗೆ ಹಳದಿಯಾಗಿತ್ತು. ಪಂಚಮಿಯ ಎಂಟು ದಿನದಲ್ಲಿ ಮಗಳು ಈ ಕುಬಸವನ್ನು ಎರಡು ಸಲ ತೊಟ್ಟು ಇದೇ ಅಂಗಳದಲ್ಲಿ ಓಡಾಡಿದ್ದು ನೆನಪಾಯಿತು. ಅದರಾಚೆ ಇನ್ನೊಂದು ಸಾಲು. ಅದರಾಚೆ ಮತ್ತೊಂದು, ಹೊಸ ದಾರದ್ದು, ಒಂದೊಂದು ಹೊಲಿಗೆಯೂ ಎಡಕ್ಕೆ ವಾಲಿತ್ತು. ಆ ಕೊನೆಯ ಸಾಲು ಬಟ್ಟೆಯ ಅಂಚಿಗೇ ಬಂದು ನಿಂತಿತ್ತು. ಇನ್ನು ಬಿಚ್ಚಲು ಅಲ್ಲಿ ಬಟ್ಟೆ ಇರಲಿಲ್ಲ.

"ಏನು ಮಾಡಾಕತ್ತೀ?" ಒಳಗಿನಿಂದ ದತ್ತಪ್ಪ ಕೇಳಿದ. "ಬಂದಾಕಿನೇ ಮಷೀನ್ ಮುಂದ ಕುಂತಿ?"

"ಏನಿಲ್ರಿ," ಅಂದಳು ಅಂಬುಬಾಯಿ. ಆಕೆಯ ಹೆಬ್ಬೆರಳು ಆ ಎಡವಾಲಿದ ಹೊಲಿಗೆಗಳ ಮೇಲೆ ಮೆಲ್ಲಗೆ ಹೋಗುತ್ತಿತ್ತು. "ಮಾಳಿ ಅಳತಿ ನೋಡಾಕತ್ತೇನಿ."